ಒಂದೂಕಾಲು ಕಿಲೋಮೀಟರ್ ಹಿಮ

ಗುರುವಾರ ಸಂಜೆ ಅಪ್ಪನ ಫೋನ್ ಬಂದಾಗ ನಾನು ಚಿಕ್ಕ ಮಗಳು ಊದಾಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು ಅವಳ ತಲೆಯಿಂದ ಹೇನು ಬಾಚುತ್ತಿದ್ದೆ. ಆರು ವರ್ಷದ ಹುಡುಗಿ, ಎರಡು ನಿಮಿಷ ನೆಟ್ಟಗೆ ಕೂರುವುದಿಲ್ಲ. ಒಲೆಯ ಮೇಲೆ ಮೀನಿನ ಸೂಪು ಉಕ್ಕುತ್ತಿತ್ತು.

"ಭಾನುವಾರ ಎಂಟು ಗಂಟೆಗೆ ಸರಿಯಾಗಿ," ಎಂದ ಅಪ್ಪ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

"ಎಲ್ಲಿಗೆ?" ಎಂದೆ, ಗೊತ್ತಿದ್ದೂ.

"ಎಲ್ಲಿಗೆ ಅಂತ ಕೇಳ್ತಾಳೆ! ಮೇಲೆ ಗುಡ್ಡದಲ್ಲಿ ಹಿಮ ಹಾಸಿದಾರೆ. ನಿನ್ನೆ ಹೋಗಿ ನೋಡ್ಕೊಂಡು ಬಂದೆ. ಒಂದೂಕಾಲು ಕಿಲೋಮೀಟರ್! ಹೋದ ವರ್ಷಕ್ಕಿಂತ ಇನ್ನೂರು ಮೀಟರ್ ಜಾಸ್ತಿ."

"ಅಪ್ಪಾ, ಊದಾ ತಲೇಲಿ ಹೇನು."

"ಟೋಪಿ ಹಾಕ್ಸು," ಎಂದು ಫೋನ್ ಇಟ್ಟುಬಿಟ್ಟ.

ನನ್ನಪ್ಪ ಹಾಲ್ವರ್ ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ತರನಾಗಿದ್ದವನು. ನಿವೃತ್ತಿಯಾಗಿ ಆರು ವರ್ಷವಾಯಿತು. ರೈಲುಗಳು ಕೈಬಿಟ್ಟ ಮೇಲೆ ಹೊತ್ತಿಗೆ ಸರಿಯಾಗಿ ಹೊರಡಿಸಲು ಅವನಿಗೆ ಉಳಿದಿರುವವರು ನಾವೇ. ಅಕ್ಟೋಬರಿನ ಕೊನೆಯ ಭಾನುವಾರ ಇಡೀ ಮನೆ ವರ್ಷದ ಮೊದಲ ಸ್ಕೀಗೆ, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿ ಕೈಯಲ್ಲಿ ಕೋಲು ಹಿಡಿದು ಹಿಮದ ಮೇಲೆ ಜಾರಲು, ಹೋಗಬೇಕು ಎನ್ನುವುದು ಅವನ ವೇಳಾಪಟ್ಟಿ. ನಾನು ಹೆರಿಗೆಯಾಗಿ ಹದಿನೈದು ದಿನಕ್ಕೂ ಹೋಗಿದ್ದೇನೆ. ಸ್ಕೀ ಹಾಕಲಿಲ್ಲ, ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದೆ. ಅದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ.

ನಮ್ಮ ಕಡೆ ನಿಜವಾದ ಹಿಮ ಬೀಳುವುದು ನವೆಂಬರ್ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಈ ದೇಶದಲ್ಲಿ ಯಾರಿಗೂ ಇಲ್ಲ. ಹೋದ ಚಳಿಗಾಲದ ಹಿಮವನ್ನೇ ಸ್ಕೀ ಕ್ಲಬ್ಬಿನವರು ಗುಡ್ಡೆ ಹಾಕಿ, ಮೇಲೆ ದಪ್ಪನಾಗಿ ಮರದ ಹೊಟ್ಟು ಮುಚ್ಚಿ ಬೇಸಿಗೆಯುದ್ದಕ್ಕೂ ಕಾಪಾಡುತ್ತಾರೆ. ಅಕ್ಟೋಬರಿನಲ್ಲಿ ಅದನ್ನು ಲಾರಿಯಲ್ಲಿ ತಂದು ಕಾಡಿನೊಳಗೆ ಒಂದು ಸುತ್ತು ಹಾಸುತ್ತಾರೆ. ಆಚೆ ಈಚೆ ಕೆಸರು, ಒಣಗಿದ ಪೊದೆ, ನಡುವೆ ನಾಲ್ಕು ಮೀಟರ್ ಅಗಲದ ಬಿಳಿ ಪಟ್ಟಿ. ಅದರ ಮೇಲೆ ಅರ್ಧ ಜಿಲ್ಲೆಯ ಜನ ಗಾಣದೆತ್ತಿನಂತೆ ಸುತ್ತುತ್ತಾರೆ.

ಭಾನುವಾರ ಏಳೂವರೆಗೇ ಅಪ್ಪ ನಮ್ಮ ಗ್ಯಾರೇಜಿನಲ್ಲಿದ್ದ. ಎಲ್ಲರ ಸ್ಕೀಗಳನ್ನೂ ಹಿಂದಿನ ದಿನವೇ ಒಯ್ದು ಮೇಣ ಹಚ್ಚಿ ತಂದಿದ್ದ. ಸ್ಕೀಯ ಅಡಿ ನಡುಭಾಗಕ್ಕೆ ಹಚ್ಚುವ ಈ ಮೇಣ, ಕಾಲು ಒತ್ತಿದಾಗ ಹಿಮವನ್ನು ಹಿಡಿಯಬೇಕು, ಜಾರುವಾಗ ಬಿಡಬೇಕು. ಯಾವ ಹಿಮಕ್ಕೆ ಯಾವ ಮೇಣ ಎಂಬ ವಿಷಯಕ್ಕೆ ನಮ್ಮಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಈ ಸಲ ಅಪ್ಪ ಹಚ್ಚಿದ್ದು ಟ್ಯೂಬಿನಿಂದ ಹಿಂಡುವ ಅಂಟುಮೇಣ. ನೋಡಲು ಕಾಕಂಬಿಯಂತಿರುತ್ತದೆ, ತಾಗಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ. ಕಾರಿಗೆ ಸ್ಕೀ ತುಂಬುವಷ್ಟರಲ್ಲಿ ಅದು ಸೀಟಿಗೆ, ಬಾಗಿಲ ಹಿಡಿಗೆ, ನನ್ನ ದೊಡ್ಡ ಮಗಳು ತೀರಿಲ್‌ಳ ಜಡೆಗೆ ಅಂಟಿತ್ತು.

"ನನ್ ಕೂದ್ಲು!" ಎಂದು ತೀರಿಲ್ ಕಿರುಚಿದಳು. ಅವಳಿಗೆ ಹದಿನಾಲ್ಕು.

"ಬೆಣ್ಣೆ ಹಚ್ಚಿದ್ರೆ ಹೋಗತ್ತೆ," ಎಂದ ಅಪ್ಪ, ಗಡಿಯಾರ ನೋಡುತ್ತ. "ಎಂಟಾಗಿ ಮೂರು ನಿಮಿಷ."

ಊದಾಳ ಒಂದು ಕೈಗವಸು ಸಿಗಲಿಲ್ಲ. ಅದು ಸಿಕ್ಕಾಗ ಅವಳಿಗೆ ಉಚ್ಚೆ ಬಂತು. ಐದು ಪದರದ ಬಟ್ಟೆ ಬಿಚ್ಚಿ, ಮತ್ತೆ ಐದು ಪದರ ಹಾಕಿದೆ. ಅಮ್ಮ ಮಾತ್ರ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ನನ್ನಮ್ಮ ಉನ್ನಿ ಹೆಚ್ಚು ಮಾತಾಡುವವಳಲ್ಲ. ದಂತವೈದ್ಯರ ಬಳಿ ಇಷ್ಟು ವರ್ಷ ಕೆಲಸ ಮಾಡಿದವಳು; ಬಾಯಿ ತೆರೆದವರ ಎದುರು ತಾನು ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಎನ್ನುತ್ತಿದ್ದಳು.

ನಮ್ಮ ಏಳು ಸೀಟಿನ ಕಾರನ್ನು ನನ್ನ ಗಂಡ ಎಸ್ಪೆನ್ ಓಡಿಸಿದ. ಅವನು ಸಮುದ್ರತೀರದವನು, ಮಳೆಯಲ್ಲೇ ಬೆಳೆದವನು. ಮದುವೆಯಾಗಿ ಹದಿನಾರು ವರ್ಷವಾದರೂ ಅವನು ಸ್ಕೀ ಮಾಡುವುದನ್ನು ನೋಡಿ ಅಪ್ಪ ಇವತ್ತಿಗೂ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಗುಡ್ಡ ಹತ್ತುತ್ತಿದ್ದ ಹಾಗೆ ಗಾಜಿನ ಮೇಲೆ ಏನೋ ಬೆಳ್ಳಗೆ ಹಾರತೊಡಗಿತು. ಒದ್ದೆ ಹಿಮ, ದೊಡ್ಡ ದೊಡ್ಡ ಚೂರು.

"ಅಯ್ಯೋ, ಹೊಸ ಹಿಮ ಬೀಳ್ತಿದೆಯಲ್ಲ," ಎಂದಳು ಅಮ್ಮ. "ಅಂಟುಮೇಣಕ್ಕೆ ಇದು ಆಗಲ್ಲ ಅಲ್ವಾ?"

"ನಿಲ್ಲತ್ತೆ," ಎಂದ ಅಪ್ಪ.

"ನಿಲ್ಲದಿದ್ರೆ?"

"ಉನ್ನಿ, ನಿಲ್ಲತ್ತೆ ಅಂದ್ನಲ್ಲ."

ನಿಲ್ಲಲಿಲ್ಲ. ನಾವು ತಲುಪುವಷ್ಟರಲ್ಲಿ ಬೆರಳಿನಷ್ಟು ಹೊಸ ಹಿಮ ಕೂತಿತ್ತು. ಸ್ಕೀ ಹಾಕಿ ನಾಲ್ಕು ಹೆಜ್ಜೆ ಇಟ್ಟೆ. ಅಂಟುಮೇಣ ಆ ಒದ್ದೆ ಹಿಮವನ್ನೆಲ್ಲ ಎಳೆದುಕೊಂಡು ಕಾಲಡಿ ಮುದ್ದೆ ಕಟ್ಟಿತು. ಐದನೇ ಹೆಜ್ಜೆಗೆ ನಾನು ನಾಲ್ಕು ಬೆರಳು ಎತ್ತರವಾಗಿದ್ದೆ. ಸ್ಕೀ ಜಾರುವುದಿರಲಿ, ಅಲುಗಲೂ ಇಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಗದ್ದೆಯಲ್ಲಿ ನಡೆದಂತಿತ್ತು. ಹಿಂದಿನಿಂದ ಕ್ಲಬ್ಬಿನ ಮಕ್ಕಳು ಬಿಗಿ ಬಟ್ಟೆ ತೊಟ್ಟು ಗುಂಪುಗುಂಪಾಗಿ ಬಂದು "ಜಾಡು ಬಿಡಿ! ಜಾಡು!" ಎಂದು ಕೂಗಿ ಗಾಳಿಯಂತೆ ಹೋಗುತ್ತಿದ್ದರು.

"ಅಪ್ಪಾ, ಮೇಣ ಕೆರೆದು ತೆಗೆಯೋಣ," ಎಂದೆ.

"ಮೇಣದ್ದೇನೂ ತಪ್ಪಿಲ್ಲ. ನೀನು ಕಾಲು ಎತ್ತಿಡ್ತಿದ್ದೀಯ, ಉಜ್ಜು! ಉಜ್ಜಿದ್ರೆ ಬಿಡತ್ತೆ. ಎಡಗೈ ನೋಡು, ಸತ್ತ ಕೋಳಿ ಥರ ನೇತಾಡ್ತಿದೆ. ತೀರಿಲ್, ಬೆನ್ನು! ಊದಾ, ಕೋಲು ಕತ್ತಿ ಅಲ್ಲ!"

ಊದಾ ಜಾಡಿನ ನಡುವೆಯೇ ಅಂಗಾತ ಮಲಗಿದ್ದಳು. "ಹಿಮ ತಿಂತಿದ್ದೀನಿ," ಎಂದಳು. ಬೇಸಿಗೆಯೆಲ್ಲ ಹೊಟ್ಟಿನಡಿ ಇದ್ದ ಹಿಮ. ಅವಳ ತುಟಿಯ ಸುತ್ತ ಮರದ ಪುಡಿ ಮೆತ್ತಿತ್ತು. ಅವಳನ್ನು ಎಬ್ಬಿಸಲು ಬಗ್ಗಿದಾಗ ನಾನೂ ಬಿದ್ದೆ. ಮೂರು ಜನ ನಮ್ಮನ್ನು ದಾಟಿಕೊಂಡು ಹೋದರು. ನಾಲ್ಕನೆಯವನು ನಿಂತು "ಅಂಟುಮೇಣ ಹಾಕಿದ್ರಾ?" ಎಂದು ಕನಿಕರದಿಂದ ಕೇಳಿದ. ಆ ಕನಿಕರಕ್ಕೆ ನನಗೆ ಅಳುವೇ ಬರುವಂತಾಯಿತು.

ಅಷ್ಟರಲ್ಲಿ ಎಸ್ಪೆನ್ ನಮ್ಮ ಪಕ್ಕದಲ್ಲೇ ಸೊಂಯ್ಯನೆ ಹೋದ. ಹೌದು, ಎಸ್ಪೆನ್. ಅವನ ಕಾಲಲ್ಲಿದ್ದ ಸ್ಕೀ ಅಪ್ಪ ಮೇಣ ಹಚ್ಚಿದ್ದಲ್ಲ. ಅಡಿಯಲ್ಲಿ ತುಪ್ಪಳದ ಪಟ್ಟಿ ಇರುವ, ಮೇಣವೇ ಬೇಡದ ಹೊಸ ಸ್ಕೀ. ಕಾರಿನ ಹಿಂದೆ ಕಂಬಳಿಯಡಿ ಬಚ್ಚಿಟ್ಟು ತಂದಿದ್ದನಂತೆ.

"ಎಸ್ಪೆನ್! ಏನದು ನಿನ್ನ ಕಾಲಲ್ಲಿ?" ಅಪ್ಪ ಗುಡುಗಿದ.

"ಸ್ನೇಹಿತಂದು! ಒಂದು ಸಲ ನೋಡು ಅಂತ ಕೊಟ್ಟ!" ಎನ್ನುತ್ತ ತಿರುವಿನಲ್ಲಿ ಮಾಯವಾದ. ಹಾಗೊಬ್ಬ ಸ್ನೇಹಿತ ಇದ್ದರೆ ನನಗೆ ಗೊತ್ತಿರುತ್ತಿತ್ತು.

ಅಮ್ಮ ನಿಂತದ್ದು ಎರಡನೇ ಸುತ್ತಿನ ಏರಿನಲ್ಲಿ. ಅವಳ ಅಡಿಯ ಮುದ್ದೆ ಎಷ್ಟು ದಪ್ಪವಾಗಿತ್ತೆಂದರೆ ಅವಳು ನನಗಿಂತ ಎತ್ತರ ಕಾಣುತ್ತಿದ್ದಳು. ಅಪ್ಪ ಏರಿನ ಮೇಲೆ ನಿಂತು ಕೂಗಿದ: "ಉನ್ನಿ, ಮೊಣಕಾಲು ಬಗ್ಗಿಸು! ಮೊಣಕಾಲು!"

ಅಮ್ಮ ಬಗ್ಗಿದಳು. ಬಗ್ಗಿ ಒಂದು ಸ್ಕೀ ಬಿಚ್ಚಿದಳು. ಇನ್ನೊಂದನ್ನೂ ಬಿಚ್ಚಿದಳು. ಎರಡನ್ನೂ ಪಟ್ಟಿಯ ಅಂಚಿನಲ್ಲಿ ನೆಟ್ಟು, ಕೋಲುಗಳನ್ನು ಅವಕ್ಕೆ ಸಿಕ್ಕಿಸಿದಳು. ಆಮೇಲೆ ಬಿಳಿ ಪಟ್ಟಿಯಿಂದ ಕೆಳಗಿಳಿದು ಕಂದು ಪೊದೆಗಳ ನಡುವೆ, ಕೆಸರಿನಲ್ಲಿ ಬೂಟು ಪಚಪಚ ಎನಿಸುತ್ತ, ವಾಫಲ್ ಎನ್ನುವ ಸಿಹಿ ದೋಸೆ ಮಾರುವ ಅಂಗಡಿಯ ಕಡೆ ನೆಟ್ಟಗೆ ನಡೆದಳು.

"ಎಲ್ಲಿಗೆ?" ಅಪ್ಪ ಕೇಳಿದ.

ಅಮ್ಮ ತಿರುಗದೆಯೇ ಹೇಳಿದಳು: "ನನಗೆ ಸ್ಕೀ ಇಷ್ಟ ಇಲ್ಲ, ಹಾಲ್ವರ್. ಯಾವತ್ತೂ ಇರ್ಲಿಲ್ಲ."

ಸುತ್ತಮುತ್ತ ಏಳೆಂಟು ಜನ ಕೇಳಿಸಿಕೊಂಡರು. ನಮ್ಮ ಸೀಮೆಯಲ್ಲಿ ಹೆಂಗಸೊಬ್ಬಳು ಹಾಗೆ ಬಾಯಿಬಿಟ್ಟು ಹೇಳುವುದು ಚರ್ಚಿನಲ್ಲಿ ಎದ್ದುನಿಂತು ದೇವರಿಲ್ಲ ಎಂದಂತೆ. ಅಪ್ಪ ಕೋಲು ಚುಚ್ಚಿ ಹೊರಟೇಬಿಟ್ಟ.

ನಾನು ಸ್ಕೀ ಹೆಗಲಿಗೇರಿಸಿ, ಊದಾಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಮ್ಮನ ಹಿಂದೆ ಓಡಿದೆ. ಅಂಗಡಿ ಹಿಮದ ಪಟ್ಟಿಯ ಪಕ್ಕದಲ್ಲೇ ಇದೆ, ಹೊರಗೆ ನಾಲ್ಕು ಮೇಜು. ಅಮ್ಮ ಆಗಲೇ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು.

"ಅಮ್ಮಾ, ಏನಾಯ್ತು?"

"ಏನೂ ಆಗ್ಲಿಲ್ಲ. ವಾಫಲ್ ತಗೊಂಬಾ. ಕಂದು ಚೀಸ್ ಹಾಕಿದ್ದು. ಎರಡು."

ತಂದೆ. ಅಷ್ಟರಲ್ಲಿ ಅಪ್ಪ ಒಂದು ಸುತ್ತು ಮುಗಿಸಿ ಬಂದ. ಕಾಲಡಿ ಮುದ್ದೆ ಇದ್ದುದರಿಂದ ಬರೀ ತೋಳಿನ ಬಲದಿಂದ ತನ್ನನ್ನು ತಾನೇ ಎಳೆದುಕೊಂಡು ಬರುತ್ತಿದ್ದ. ನಿಲ್ಲಲಿಲ್ಲ. ಅಮ್ಮನ ಕಡೆ ನೋಡಲೂ ಇಲ್ಲ.

"ಕಾಲು ನೋವಾ ಅಂತ ಕೇಳು ಅವಳನ್ನ!" ಎಂದು ನನಗೆ ಕೂಗಿ ಮುಂದೆ ಹೋದ.

"ಕಾಲು ಚೆನ್ನಾಗಿದೆ ಅಂತ ಹೇಳು," ಎಂದಳು ಅಮ್ಮ, ಚೀಸ್ ಮೇಲೆ ಜಾಮ್ ಸವರುತ್ತ.

"ನೀವೇ ಮಾತಾಡ್ಕೊಳ್ಳಿ. ನಾನೇನು ಅಂಚೆಯವಳಾ?"

ಆದರೆ ಎಂಟು ನಿಮಿಷದ ಮೇಲೆ ಅಪ್ಪ ಮತ್ತೆ ಬಂದಾಗ ಬೇರೆ ದಾರಿ ಕಾಣದೆ ನಾನೇ ಎದ್ದು ನಿಂತು ಕೂಗಿದೆ: "ಕಾಲು ಚೆನ್ನಾಗಿದೆಯಂತೆ!"

"ಹಾಗಾದ್ರೆ ಮೇಣಾನಾ?"

ಉತ್ತರ ಕೇಳಲು ನಿಂತರೆ ತಾನೇ! ಅಮ್ಮ ಯೋಚಿಸಿ ಹೇಳಿದಳು: "ಮೇಣ ಕೆಟ್ಟದ್ದಾಗಿತ್ತು ಅನ್ನು. ಆದ್ರೆ ಮೇಣ ಚೆನ್ನಾಗಿದ್ದ ವರ್ಷಾನೂ ಇಷ್ಟ ಆಗಿರ್ಲಿಲ್ಲ ಅನ್ನು."

ಇನ್ನೊಂದು ಎಂಟು ನಿಮಿಷ. ಅದರ ಮಧ್ಯೆ ಎಸ್ಪೆನ್ ಎರಡು ಸಲ ಹಾದುಹೋದ, ಎರಡು ಸಲವೂ ಕೈಬೀಸಿದ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಅವನು ಮಾವನನ್ನು ಹಿಂದೆ ಹಾಕಿದ್ದ. ಮನೆಯವರು ಯಾಕೆ ಕೂತಿದ್ದಾರೆಂದು ಕೇಳುವಷ್ಟೂ ವ್ಯವಧಾನ ಅವನಿಗಿರಲಿಲ್ಲ.

ನಾನು ಸಂದೇಶ ಮುಟ್ಟಿಸಿದೆ. ಅಪ್ಪನ ಮುಖ ಕೆಂಪಾಗಿತ್ತು, ಹುಬ್ಬಿನ ಮೇಲೆ ಹಿಮ ಕೂತಿತ್ತು.

"ಯಾವಾಗಿಂದ?" ಎಂದು ಕೂಗಿದ.

"ಎಪ್ಪತ್ತೊಂಬತ್ತರಿಂದ," ಎಂದಳು ಅಮ್ಮ ನನಗೆ. ಅದು ಅವರ ಮದುವೆಯಾದ ವರ್ಷ.

"ಇದನ್ನ ನಾನು ಕೂಗಿ ಹೇಳಲ್ಲ," ಎಂದೆ. ಪಕ್ಕದ ಮೇಜಿನವರು ಕಾಫಿ ಕುಡಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಆ ಮೇಜಿನ ಹೆಂಗಸು ಊದಾಳ ಶಾಲೆಯ ಶಿಕ್ಷಕಿ. ಊದಾ ಅವಳನ್ನು ನೋಡಿ ಟೋಪಿ ಕಿತ್ತು "ನೋಡಿ, ನನ್ನ ಹೇನೆಲ್ಲ ಹೋಯ್ತು!" ಎಂದು ತಲೆ ಬಗ್ಗಿಸಿ ತೋರಿಸಿದಳು.

ಆಗ ತೀರಿಲ್ ಬಂದಳು. ಬಂದವಳೇ ಸ್ಕೀ ಬಿಚ್ಚತೊಡಗಿದಳು.

"ನೀನ್ಯಾಕೆ ಬಿಚ್ತೀಯ? ಹಾಕ್ಕೊ," ಎಂದೆ.

"ಅಜ್ಜಿ ಬಿಚ್ಚಿದಾಳಲ್ಲ?"

"ಅಜ್ಜಿಗೆ ಅರವತ್ತೊಂಬತ್ತು."

"ಅಂದ್ರೆ ನಾನು ಇನ್ನೂ ಐವತ್ತೈದು ವರ್ಷ ಕಾಯ್ಬೇಕಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕಾಫಿ ಮೂಗಿಗೇರಿ ಕೆಮ್ಮಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಬೆಳಗ್ಗೆ ಆರಕ್ಕೆ ಎದ್ದು ಆರು ಜನರಿಗೆ ಬುತ್ತಿ ಕಟ್ಟಿದವಳು ನಾನು. ಗವಸು, ಟೋಪಿ, ಒಣ ಕಾಲುಚೀಲ, ಕಿತ್ತಳೆ ಹಣ್ಣು, ಎಲ್ಲ ತುಂಬಿಸಿದವಳು ನಾನು. ಇಷ್ಟವಿದೆಯೇ ಇಲ್ಲವೇ ಎಂದು ಯೋಚಿಸಲು ನನಗೆ ಪುರುಸೊತ್ತೇ ಆಗಿರಲಿಲ್ಲ. ಈಗ ಒಬ್ಬಳು ವಾಫಲ್ ತಿನ್ನುತ್ತ ಮುಷ್ಕರ ಹೂಡಿದ್ದಾಳೆ, ಒಬ್ಬ ಬುಗುರಿಯಂತೆ ಸುತ್ತುತ್ತಿದ್ದಾನೆ, ಇನ್ನೊಬ್ಬ ಕದ್ದುಮುಚ್ಚಿ ತಂದ ಸ್ಕೀಯಲ್ಲಿ ಹಾರುತ್ತಿದ್ದಾನೆ.

"ಅಮ್ಮಾ, ಇಷ್ಟ ಇಲ್ದಿದ್ರೆ ಇಷ್ಟು ವರ್ಷ ಯಾಕೆ ಬಂದೆ?" ಎಂದೆ. ದನಿ ಏರಿತ್ತು. "ನಾವು ಚಿಕ್ಕವರಿದ್ದಾಗ ನಾನು ಬರಲ್ಲ ಅಂತ ಅತ್ರೆ ನನ್ನ ಕಾಲಿಗೆ ಸ್ಕೀ ಕಟ್ತಿದ್ದವಳೇ ನೀನು!"

ಅಮ್ಮ ನಗು ನಿಲ್ಲಿಸಿದಳು. "ಹೌದು," ಎಂದಳು. "ಅದು ತಪ್ಪಾಯ್ತು."

ಜಗಳ ಮಾಡಲು ತಯಾರಾದವರ ಎದುರು ತಪ್ಪು ಒಪ್ಪಿಕೊಂಡುಬಿಟ್ಟರೆ ಸಿಟ್ಟು ಎಲ್ಲಿಗೆ ಹೋಗಬೇಕು?

ಅಪ್ಪ ಮತ್ತೆ ಬಂದ. ಈ ಸಲ ಏನೂ ಕೇಳದೆ ಹಾದುಹೋದ. ಆಗ ಅಮ್ಮ ಮೊದಲ ಬಾರಿಗೆ ತಲೆ ಎತ್ತಿ ಅವನ ಬೆನ್ನನ್ನು ತಿರುವಿನವರೆಗೂ ನೋಡಿದಳು. "ತೋಳು ಹಿಡ್ಕೊಳ್ಳತ್ತೆ ಈ ಮುದುಕಂಗೆ," ಎಂದಳು. ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನು ನನಗೆ ಕೊಡದೆ ಮುಚ್ಚಳ ಬಿಗಿದಿಟ್ಟಳು.

ಐದನೇ ಸುತ್ತಿಗೆ ಅವನು ನಿಂತ. ಸ್ಕೀ ಬಿಚ್ಚಲು ಬಗ್ಗಿದರೆ ಹಿಮದ ಮುದ್ದೆಯಲ್ಲಿ ಬೂಟು ಹಿಡಿದಿಡುವ ಕೀಲು ಹೂತುಹೋಗಿ ಬಿಚ್ಚಲಾಗಲಿಲ್ಲ. ತೀರಿಲ್ ಹೋಗಿ ಕೋಲಿನ ತುದಿಯಿಂದ ಕುಟ್ಟಿ ಬಿಡಿಸಿದಳು. ಅವನು ಬಂದು ಅಮ್ಮನ ಎದುರಿನ ಬೆಂಚಿನಲ್ಲಿ ಕೂತ. ಅಮ್ಮ ಕಾಫಿ ಬಗ್ಗಿಸಿ ಅವನ ಮುಂದೆ ತಳ್ಳಿದಳು.



"ನಲವತ್ನಾಲ್ಕು ವರ್ಷ," ಎಂದ ಅಪ್ಪ. "ನಾನು ಮುಂದೆ ಹೋಗ್ತಾ ಇದ್ರೆ ನೀನು ಹಿಂದೆ ಏನು ಅಂದ್ಕೊಳ್ತಿದ್ದೆ?"

"ಯಾವಾಗ ಮುಗಿಯತ್ತೋ ಅಂತ."

"ಪ್ರತಿ ಸಲಾನೂ?"

"ಇಳಿಜಾರಲ್ಲಿ ಮಾತ್ರ ಹಾಗೆ ಅಂದ್ಕೊಳ್ತಿರ್ಲಿಲ್ಲ. ಅಲ್ಲಿ ಭಯ ಆಗ್ತಿತ್ತು."

ಅಪ್ಪ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಷ್ಟ ಇಲ್ದೇ ಇರೋದು ಇರ್ಲಿ," ಎಂದ. "ಹೇಳ್ಲಿಲ್ಲ ನೋಡು, ಅದು. ನಾನು ಊರೆಲ್ಲ ಹೇಳ್ಕೊಂಡು ಬಂದೆ, ನಮ್ಮ ಉನ್ನಿಗೆ ಸ್ಕೀ ಅಂದ್ರೆ ಪ್ರಾಣ ಅಂತ. ಸ್ಟೇಷನ್ನಲ್ಲಿ ಎಲ್ಲರ ಹತ್ರಾನೂ. ಮೂರ್ಖನ ಥರ."

"ನೀನು ಕೇಳ್ಲೇ ಇಲ್ವಲ್ಲ."

"ಕೇಳಿದ್ರೆ ಹೇಳ್ತಿದ್ಯಾ?"

ಅಮ್ಮ ತಟ್ಟೆಯ ಮೇಲಿನ ಚೂರನ್ನು ಬೆರಳಿಂದ ಒತ್ತಿ ಒತ್ತಿ ತಿಂದಳು. "ಇಲ್ಲ," ಎಂದಳು. "ಮೊದಮೊದ್ಲು ನಿನಗೆ ಬೇಜಾರಾಗತ್ತೆ ಅಂತ. ಆಮೇಲೆ ಹೇಳೋಕೆ ತುಂಬಾ ತಡ ಆಗಿತ್ತು ಅಂತ."

"ಮತ್ತೆ ಇವತ್ಯಾಕೆ?"

"ಇವತ್ತು ನನಗಿಂತ ನನ್ನ ಸ್ಕೀ ಭಾರ ಆಯ್ತು."

ಅಪ್ಪ ನಗುತ್ತಾನೇನೋ ಅಂದುಕೊಂಡೆ, ನಗಲಿಲ್ಲ. "ಮೇಣ ತಪ್ಪಿತ್ತು," ಎಂದ. ಅವನ ಬಾಯಿಂದ ಆ ಮಾತು ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ತೀರಿಲ್ ಕೂಡ ಫೋನಿನಿಂದ ಕಣ್ಣೆತ್ತಿದಳು.

"ಭಾನುವಾರ ನಿನಗೆ ಏನು ಮಾಡ್ಬೇಕು ಅನ್ಸತ್ತೆ?" ಎಂದು ಅವನು ಕೇಳಿದ. ಪರೀಕ್ಷೆಯ ಪ್ರಶ್ನೆ ಕೇಳುವಂತೆ, ಮುಖ ಗಂಟಿಕ್ಕಿಕೊಂಡೇ.

"ಹಾಸಿಗೇಲಿ ಕಾಫಿ ಕುಡೀಬೇಕು. ಪದಬಂಧ ತುಂಬ್ಬೇಕು. ಹನ್ನೊಂದು ಗಂಟೆವರೆಗೂ ಯಾರೂ ನನ್ನ ಹೆಸರು ಕೂಗ್ಬಾರ್ದು."

"ಅಷ್ಟೇನಾ?"

"ಅಷ್ಟೇ."

ಅಷ್ಟು ಹೊತ್ತಿಗೆ ಎಸ್ಪೆನ್ ಬೆವರು ಒರೆಸಿಕೊಳ್ಳುತ್ತ, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದ. "ಹನ್ನೊಂದು ಸುತ್ತು! ಹಾಲ್ವರ್, ನೀವು ಒಂದು ಸಲ ಇದನ್ನ ಹಾಕ್ಕೊಂಡು ನೋಡ್ಬೇಕು," ಎಂದ. ಆಮೇಲೆ ಎಲ್ಲರ ಮುಖ ನೋಡಿ, "ಏನಾಯ್ತು, ಯಾರಾದ್ರೂ ಬಿದ್ರಾ?" ಎಂದು ಕೇಳಿದ. ನಾನು ಅವನ ಕೈಗೆ ಊದಾಳನ್ನೂ ಅವಳ ಒದ್ದೆ ಬಟ್ಟೆಯ ಚೀಲವನ್ನೂ ಕೊಟ್ಟು ಕಾರಿನ ಕಡೆ ಹೊರಟೆ.

ಮನೆಗೆ ಹೋಗುವಾಗ ಅಪ್ಪ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರ ನಡುವೆ ಮೊಣಕಾಲು ಮಡಚಿ ಕೂತಿದ್ದ. ಊದಾ ಅವನ ತೋಳಿಗೆ ಒರಗಿ ನಿದ್ದೆ ಹೋದಳು. ಯಾರ ಭಂಗಿಯ ಬಗ್ಗೆಯೂ ಅವನು ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಅವನ ಮಾತಿಗಿಂತ ಹೆಚ್ಚು ಕಿರಿಕಿರಿಯೆನಿಸಿತು.

ವಾರವಿಡೀ ಅವನ ಫೋನ್ ಬರಲಿಲ್ಲ. ಬುಧವಾರ ನಾನೇ ಅಮ್ಮನಿಗೆ ಫೋನ್ ಮಾಡಿದಾಗ, "ಚೆನ್ನಾಗಿದಾನೆ, ಮುನಿಸ್ಕೊಂಡಿದಾನೆ. ಸ್ಕೀ ಎಲ್ಲ ಕೆರೆದು ಒರೆಸಿಟ್ಟ. ನಂದನ್ನೂ," ಎಂದಳು. "ನಂದನ್ನ ಮಾರ್ಲಾ ಅಂತ ಕೇಳ್ದ. ಬೇಡ ಇರ್ಲಿ ಅಂದೆ. ಯಾಕೆ ಹಾಗಂದೆನೋ ನನಗೇ ಗೊತ್ತಿಲ್ಲ."

ಭಾನುವಾರ ಬೆಳಗ್ಗೆ ಏಳಕ್ಕೆ ಫೋನ್ ರಿಂಗಾಯಿತು. ಹೊರಗೆ ಇನ್ನೂ ಮಬ್ಬು. ಎಸ್ಪೆನ್ ಗೋಡೆಯ ಕಡೆ ತಿರುಗಿ ದಿಂಬನ್ನು ಕಿವಿಯ ಮೇಲೆ ಎಳೆದುಕೊಂಡ.

"ರಾಗ್ನಿ," ಎಂದ ಅಪ್ಪ. ದನಿ ತಗ್ಗಿಸಿ ಮಾತಾಡುತ್ತಿದ್ದ, ಅಮ್ಮ ಮಲಗಿರಬೇಕು. "ಹೇಗಿದ್ದೀಯ?"

ನನಗೆ ಗಾಬರಿಯಾಯಿತು. "ಏನಾಯ್ತಪ್ಪಾ?"

"ಏನಿಲ್ಲ. ನಾನು ಗುಡ್ಡಕ್ಕೆ, ಸ್ಕೀಗೆ ಹೋಗ್ತಾ ಇದೀನಿ. ನೀನು ಬರ್ತೀಯಾ ಅಂತ ಕೇಳೋಣ ಅಂತ. ಬರ್ಲೇಬೇಕು ಅಂತೇನಿಲ್ಲ. ನಿನಗೆ ಇಷ್ಟ ಇದ್ರೆ ಮಾತ್ರ."

ನಾನು ಚಾವಣಿ ನೋಡುತ್ತ ಮಲಗಿದೆ. ಅಪ್ಪಣೆ ಮಾಡಿದ್ದರೆ ಗೊಣಗಿಕೊಂಡು ಎದ್ದು ಹೋಗುತ್ತಿದ್ದೆ, ತಪ್ಪೆಲ್ಲ ಅವನದೇ ಆಗಿರುತ್ತಿತ್ತು. ಈಗ ನಲವತ್ತಮೂರನೇ ವಯಸ್ಸಿನಲ್ಲಿ, ಬೆಳಗ್ಗೆ ಏಳು ಗಂಟೆಗೆ, ನನಗೆ ಸ್ಕೀ ಇಷ್ಟವೋ ಅಲ್ಲವೋ ಎಂದು ನಾನೇ ನಿರ್ಧರಿಸಬೇಕಾಗಿ ಬಂತು. ಏರು ಹತ್ತುವಾಗ ಎದೆಯಲ್ಲಿ ಏಳುವ ಉಸಿರು ನೆನಪಾಯಿತು. ಯಾರೂ ಕೂಗದೆ ಇದ್ದಾಗ ಸ್ಕೀಯಡಿ ಹಿಮ ಮಾಡುವ ಸಣ್ಣ ಸದ್ದು ನೆನಪಾಯಿತು. ಹಾಗೆ ಯಾರೂ ಕೂಗದೆ ಇದ್ದದ್ದು ಯಾವಾಗ ಎಂದು ಮಾತ್ರ ನೆನಪಾಗಲಿಲ್ಲ.

ಅವನು ಆ ತುದಿಯಲ್ಲಿ ಕಾಯುತ್ತಿದ್ದ. ಉಸಿರಾಟ ಕೇಳಿಸುತ್ತಿತ್ತು.

"ಹತ್ತು ಗಂಟೆಗೆ ಬರ್ತೀನಿ," ಎಂದೆ. "ಎಂಟಕ್ಕಲ್ಲ. ಹುಡುಗೀರನ್ನ ಎಬ್ಬಿಸಲ್ಲ, ಬುತ್ತಿ ಕಟ್ಟಲ್ಲ."

"ಬುತ್ತಿ ನಾನು ಕಟ್ತೀನಿ," ಎಂದ ಅಪ್ಪ ತಕ್ಷಣ. ಆಮೇಲೆ ಸ್ವಲ್ಪ ತಡೆದು, "ರಾಗ್ನಿ, ಬ್ರೆಡ್ ಎಲ್ಲಿಟ್ಟಿರ್ತಾಳೆ ನಿಮ್ಮಮ್ಮ, ಗೊತ್ತಾ? ಎಬ್ಬಿಸಿ ಕೇಳೋ ಹಾಗಿಲ್ಲ," ಎಂದ.